ಜೆನೆಟಿಕ್ ಅಲ್ಗಾರಿದಮ್‌ನಲ್ಲಿ ಜೋಡಿ ಹಾಕೋದು ಹೇಗೆ?

ಜೆನೆಟಿಕ್ ಅಲ್ಗಾರಿದಮ್ ಅಂದ್ರೆ ಉತ್ತರಗಳನ್ನ ಜೀವಿಗಳ ಥರ ಜೋಡಿ ಹಾಕಿ, ತಲೆಮಾರಿನಿಂದ ತಲೆಮಾರಿಗೆ ಉತ್ತಮ ಮಾಡ್ತಾ ಹೋಗೋ ಪ್ರೋಗ್ರಾಮ್. ಅದು 30ನೇ ತಲೆಮಾರಿಗೇ ನಿಂತ್ಬಿಡ್ತು, ಸ್ಕೋರ್ ಅಲ್ಲಾಡ್ತಿಲ್ಲ ಅಂತ ಕೋಡ್ ತೋರಿಸೋಕೆ ಬರೋವ್ರನ್ನ ಬೇಕಾದಷ್ಟು ನೋಡಿದೀನಿ. ಪಾಪ್ಯುಲೇಷನ್ (ಆ ತಲೆಮಾರಿನ ಎಲ್ಲಾ ಉತ್ತರಗಳು) ಪ್ರಿಂಟ್ ಮಾಡಿಸಿದ್ರೆ ಮೇಲಿಂದ ಕೆಳಗಿನ ತನಕ ಒಂದೇ ಸ್ಟ್ರಿಂಗ್, ಜೆರಾಕ್ಸ್ ಹೊಡೆದ ಹಾಗೆ. ಎಡವಿರೋದು ಜೋಡಿ ಹಾಕೋ ಹತ್ರ, ಇವ್ರು ಕಿವಿ ಹಿಂಡೋದು ಮಾತ್ರ ಮ್ಯುಟೇಷನ್‌ದು (ಅಲ್ಲೊಂದು ಇಲ್ಲೊಂದು ಬಿಟ್, ಅಂದ್ರೆ 0 ಅಥವಾ 1, ತಿರುಗಿಸೋದು).

ಮೊದಲ ಕೆಲಸ ಸುಲಭ. 0, 1ಗಳ 100 ಉದ್ದದ ಸ್ಟ್ರಿಂಗ್‌ಗಳನ್ನ ರ‍್ಯಾಂಡಮ್ ಆಗಿ ಒಂದು ನೂರು ಹುಟ್ಟಿಸಿ, ಫಿಟ್‌ನೆಸ್, ಅಂದ್ರೆ ಉತ್ತರ ಎಷ್ಟು ಒಳ್ಳೇದು ಅನ್ನೋ ಸ್ಕೋರ್, ಲೆಕ್ಕ ಹಾಕಿ.

ಆಮೇಲೆ ಆಯ್ಕೆ. ಟ್ಯುಟೋರಿಯಲ್‌ಗಳಲ್ಲಿ ಸಿಗೋ ರೂಲೆಟ್ ವೀಲ್ (ಸ್ಕೋರ್‌ಗೆ ತಕ್ಕಷ್ಟು ಪಾಲು ಕೊಟ್ಟ ಚಕ್ರ ತಿರುಗಿಸಿ ಆರಿಸೋದು) ದಯವಿಟ್ಟು ಬಿಟ್ಬಿಡಿ. ಎಲ್ಲರದ್ದೂ 10ರ ಆಸುಪಾಸಲ್ಲಿದ್ದು ಒಬ್ಬಂದು 900 ಬಂತು ಅಂದ್ರೆ ಹೆಚ್ಚುಕಮ್ಮಿ ಅರ್ಧ ಚಕ್ರ ಅವನೊಬ್ಬಂದೇ. ಟೂರ್ನಮೆಂಟ್ ಇಡಿ (ರ‍್ಯಾಂಡಮ್ ಆಗಿ ಎತ್ತಿದವರಲ್ಲಿ ಹೆಚ್ಚು ಸ್ಕೋರ್ ಇರೋನು ಗೆದ್ದ), ಅದೂ ಇಬ್ಬಿಬ್ಬರದ್ದು, ಏಳೆಂಟು ಜನರನ್ನ ನಿಲ್ಲಿಸಿದ್ರೆ ಮತ್ತದೇ ಕಥೆ.

ಈಗ ನಿಜವಾದ ಕೆಲಸ. ಗೆದ್ದ ಇಬ್ಬರನ್ನ ಹಾಗೇ ಕ್ರಾಸ್‌ಓವರ್‌ಗೆ (ಇಬ್ಬರ ಬಿಟ್‌ಗಳನ್ನ ಬೆರೆಸಿ ಮಗು ಮಾಡೋದಕ್ಕೆ) ತಳ್ಳಬೇಡಿ, ಅಕ್ಕಪಕ್ಕ ಇಟ್ಟು ಎಷ್ಟು ಜಾಗದಲ್ಲಿ ಬೇರೆ ಇದಾರೆ ಎಣಿಸಿ. ಬರೀ 4 ಜಾಗ ಅಂದ್ರೆ ಹುಟ್ಟಬಹುದಾದ ಮಕ್ಕಳು 16 ಥರ ಅಷ್ಟೇ, ಅದ್ರಲ್ಲೂ ಎರಡು ಅಪ್ಪ-ಅಮ್ಮನ ಪಡಿಯಚ್ಚು, ಮಿಕ್ಕ 96 ಜಾಗವನ್ನ ಕ್ರಾಸ್‌ಓವರ್ ಎಷ್ಟು ಸಲ ಮಾಡಿದ್ರೂ ಮುಟ್ಟೋದೇ ಇಲ್ಲ. ಲ್ಯಾರಿ ಎಶೆಲ್‌ಮನ್ ಅನ್ನೋ ಸಂಶೋಧಕ 1991ರಲ್ಲಿ ಪ್ರಕಟಿಸಿದ ಸಿಎಚ್‌ಸಿ ಅನ್ನೋ ಜೆನೆಟಿಕ್ ಅಲ್ಗಾರಿದಮ್ ವಿಧಾನದಲ್ಲಿ ಹತ್ತಿರದ ಸಂಬಂಧದಲ್ಲಿ ಜೋಡಿ ಬೇಡ ಅನ್ನೋ ನಿಯಮ ಇದೆ, ಅದನ್ನ ಎರವಲು ತಗೊಳ್ಳಿ. 100 ಉದ್ದಕ್ಕೆ 50ಕ್ಕಿಂತ ಹೆಚ್ಚು ಜಾಗದಲ್ಲಿ ಬೇರೆ ಇದ್ರೆ ಮಾತ್ರ ಜೋಡಿ, ಹೊಸ ಮಗು ಒಂದೂ ಒಳಗೆ ಬರದ ತಲೆಮಾರಲ್ಲಿ ಈ ಮಿತಿನ ಸ್ವಲ್ಪ ಇಳಿಸ್ತಾ ಹೋಗ್ಬೇಕು. (ಇಳಿಸೋ ಸಾಲೇ ಮರೆತು, ರಾತ್ರಿಯಿಡೀ ಒಂದು ಮಗುವೂ ಹುಟ್ಟದೆ ಓಡಿದ ಪ್ರೋಗ್ರಾಮ್ ನಂದೇ ಇತ್ತು.)

ಮ್ಯುಟೇಷನ್ ಸಾಧ್ಯತೆ ಪ್ರತಿ ಬಿಟ್‌ಗೆ 100ರಲ್ಲಿ 1, ಸಾಕು.

ಹುಟ್ಟಿದ ಮಗುಗೆ ಯಾರ ಜಾಗ? ಇದ್ದೋರಲ್ಲಿ ಕಳಪೆಯವನನ್ನ ಎತ್ತಿ ಬಿಸಾಕೋ ಶಾರ್ಟ್‌ಕಟ್ ನಂಗಿಷ್ಟ ಇಲ್ಲ, ಅವನು ಒಂಟಿಯಾಗಿ ಯಾವ್ದೋ ಹೊಸ ಮೂಲೇಲಿ ಇದ್ದಿರಬಹುದು. ಅಪ್ಪ-ಅಮ್ಮನಲ್ಲಿ ಯಾರನ್ನ ಹೆಚ್ಚು ಹೋಲುತ್ತೋ ಅವರ ಜೊತೆನೇ ಪೈಪೋಟಿಗೆ ಬಿಡಿ, ಗೆದ್ರೆ ಆ ಜಾಗ ಅದರದ್ದು.

ಮಿತಿ ಸೊನ್ನೆಗೆ ಇಳಿದಾಗ ಗಾಬರಿ ಬೇಡ. ಅತಿ ಉತ್ತಮನೊಬ್ಬನನ್ನ ಹಾಗೇ ಉಳಿಸಿ, ಮಿಕ್ಕವರ ಜಾಗಕ್ಕೆ ಅವನದೇ ನಕಲು ಮಾಡಿ, ಪ್ರತಿ ನಕಲಲ್ಲೂ ಸಿಕ್ಕಸಿಕ್ಕ ಕಡೆ 35 ಬಿಟ್ ತಿರುಗಿಸಿ. ಮಿತಿನ ವಾಪಸ್ 50ಕ್ಕೆ ಇಡಬೇಡಿ, ಜೋಡಿ ಸಿಗೋದು ಕಷ್ಟ. 45 ಇಡಿ, ಹಾಗೆ ತಿರುಗಿಸಿದ ಎರಡು ನಕಲು ಸರಾಸರಿ ಅಷ್ಟೇ ಜಾಗದಲ್ಲಿ ಬೇರೆ ಇರೋದು.