ಕೊಡಚಾದ್ರಿ: ಹತ್ತುವುದು ಜೀಪಿನಲ್ಲಿ, ಇಳಿಯುವುದು ಕಾಲಲ್ಲಿ

ಕೊಲ್ಲೂರಿನಲ್ಲಿ ಜೀಪು ಹತ್ತಿ, ಕೊಡಚಾದ್ರಿಯ ತುದಿ ಮುಟ್ಟಿ, ಅದೇ ಜೀಪಿನಲ್ಲಿ ವಾಪಸಾಗುವವರೇ ಹೆಚ್ಚು. ನಾನು ಹತ್ತುವುದಕ್ಕಷ್ಟೇ ಜೀಪು ಹಿಡಿಯುತ್ತೇನೆ. ಇಳಿಯುವುದು ಕೊಲ್ಲೂರು ಕಡೆಯ ಕಾಡುದಾರಿಯಲ್ಲಿ. ಈ ಬೆಟ್ಟದ ಮುಖ್ಯ ಕಥೆಯೇ ಇಳಿಯುವ ಕಥೆ.

ಜೀಪು ನಿಟ್ಟೂರು, ಕಟ್ಟಿನಹೊಳೆ ಸುತ್ತಿಕೊಂಡು ಹೋಗುತ್ತದೆ. ಕೊನೆಯ ಹತ್ತು ಕಿಲೋಮೀಟರು ಬರೀ ಕಲ್ಲು, ಕೊರಕಲು; ಹೊಟ್ಟೆ ತುಂಬ ತಿಂದು ಕೂರಬೇಡಿ. ಚಾಲಕರು ಮೇಲೆ ಕಾಯುವುದು ಸಾಮಾನ್ಯವಾಗಿ ಒಂದೂವರೆ ಗಂಟೆ. ಒಂದೇ ಕಡೆಯ ಪ್ರಯಾಣ ಎಂದು ಹತ್ತುವ ಮೊದಲೇ ಹೇಳಿಬಿಟ್ಟರೆ ಆ ಗಡಿಬಿಡಿಯಿಲ್ಲ.

ಜೀಪು ನಿಲ್ಲುವಲ್ಲೇ ಮೂಲ ಮೂಕಾಂಬಿಕೆಯ ಗುಡಿ. ಶಿವನಲ್ಲಿ ವರ ಕೇಳಬಾರದೆಂದು ದೇವಿ ಕೌಂಹಾಸುರನ ಮಾತನ್ನೇ ಕಿತ್ತುಕೊಂಡಳು. ಅವನು ಮೂಕಾಸುರನಾದ, ಕೊಂದವಳು ಮೂಕಾಂಬಿಕೆಯಾದಳು. ಗುಡಿಯೆದುರು ನೆಟ್ಟಗೆ ನಿಂತ ಕಬ್ಬಿಣದ ಕಂಬವೇ ಅವನನ್ನು ಕೊಂದ ದೇವಿಯ ತ್ರಿಶೂಲ ಎನ್ನುತ್ತಾರೆ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಡೆಯುವ ಜಾಗದಲ್ಲಿ ಬಯಲಿಗೆ ನಿಂತ ಕಬ್ಬಿಣ ಅದು. ಮುಟ್ಟಿ ನೋಡದೆ ಮುಂದೆ ಹೋಗಬೇಡಿ.

ಅಲ್ಲಿಂದ ಬೆಟ್ಟದ ತುದಿಯ ಕಲ್ಲುಗುಡಿ ಸರ್ವಜ್ಞ ಪೀಠಕ್ಕೆ ಎರಡು ಕಿ.ಮೀ. ಒಳಗೇ, ಆದರೆ ಪೂರಾ ಏರು. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಎತ್ತರ 1,343 ಮೀಟರ್. ಮಂಜಿಲ್ಲದ ದಿನ ಪಶ್ಚಿಮಕ್ಕೆ ಸಮುದ್ರದ ಗೆರೆ ಕಾಣುತ್ತದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಈ ಭಾಗ್ಯ. ಜೂನ್–ಸೆಪ್ಟೆಂಬರ್‌ನಲ್ಲಿ ಮುಂದಿನವರ ಬೆನ್ನು ಕಂಡರೆ ಪುಣ್ಯ. ಪೀಠದಿಂದ ಕೆಳಗಿರುವ ಚಿತ್ರಮೂಲ ಗುಹೆಯ ಇಳಿಜಾರು ಕಡಿದು. ಒದ್ದೆಯಿದ್ದರೆ ನಾನು ಅದರ ತಂಟೆಗೇ ಹೋಗುವುದಿಲ್ಲ.

ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿ ದೇವಿಯನ್ನು ತಮ್ಮೂರು ಕೇರಳಕ್ಕೆ ಕರೆದರಂತೆ. ಹಿಂದಿರುಗಿ ನೋಡಬಾರದು ಎಂಬ ಷರತ್ತಿನ ಮೇಲೆ ಅವಳು ಹೊರಟಳು. ಗೆಜ್ಜೆಯ ಸದ್ದು ನಂಬಿ ಇಳಿದವರು, ಕೊಲ್ಲೂರಿನಲ್ಲಿ ಸದ್ದು ನಿಂತದ್ದೇ ತಿರುಗಿ ನೋಡಿದರು. ಅವಳು ಅಲ್ಲೇ ಉಳಿದಳು. ಇವತ್ತು ಇಲ್ಲಿ ಮಲಯಾಳಿಗಳ ಸಂದಣಿ ನೋಡಿದರೆ ದೇವಿಯನ್ನು ಅವರಿನ್ನೂ ಬಿಟ್ಟುಕೊಟ್ಟಿಲ್ಲ. ಬೆಟ್ಟವನ್ನು ಅವರು 'ಕುಡಜಾದ್ರಿ' ಎನ್ನುತ್ತಾರೆ. ಕುಟಜ, ಅಂದರೆ ಕೊಡಸಿಗೆ ಗಿಡ, ಬೆಳೆಯುವ ಅದ್ರಿ, ಅಂದರೆ ಬೆಟ್ಟ. ಅವರ ಉಚ್ಚಾರವೇ ಮೂಲಕ್ಕೆ ಹತ್ತಿರ.

ಇಳಿಯುವ ದಾರಿ ಮೂಕಾಂಬಿಕಾ ವನ್ಯಜೀವಿಧಾಮದೊಳಗಿನದು. ತೆರೆದಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮುಂಚೆಯೇ ವಿಚಾರಿಸಿ, ಮಧ್ಯಾಹ್ನ ಹನ್ನೆರಡರೊಳಗೆ ಹೊರಡಬೇಕು. ನಿಧಾನಕ್ಕೆ ನಡೆದರೆ ನಾಲ್ಕು ಗಂಟೆ. ತಲೆಗೆ ಎರಡು ಲೀಟರ್ ನೀರು, ಕೈಗೊಂದು ಕೋಲು. ಹುಲ್ಲುಗಾವಲು ಮುಗಿದು ಕಾಡು ಶುರುವಾಗುವಲ್ಲಿ ಎಡವುವವರು ಹೆಚ್ಚು: ತರಗೆಲೆಯ ಕೆಳಗಿನ ಉರುಟು ಕಲ್ಲು ಕಾಣುವುದಿಲ್ಲ, ಮಂಡಿ ಆಗಲೇ ಸೋತಿರುತ್ತದೆ. ಹೆಜ್ಜೆ ಚಿಕ್ಕದಿರಲಿ, ಪಾದ ಓರೆಯಾಗಿರಲಿ.

ಇನ್ನು ಉಂಬಳ, ಅಂದರೆ ಕಾಡಿನ ಜಿಗಣೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಕಾಲುಚೀಲಕ್ಕೆ ಉಪ್ಪು ಬೆರೆಸಿದ ಕೊಬ್ಬರಿಎಣ್ಣೆ ಸವರುತ್ತೇನೆ; ಹಳ್ಳ ದಾಟಿದ ಮೇಲೆ ಮತ್ತೊಮ್ಮೆ. ಹತ್ತಿದ್ದನ್ನು ಕಿತ್ತೆಸೆಯಬೇಡಿ, ಗಾಯ ದೊಡ್ಡದಾಗುತ್ತದೆ. ಅಂಟಿಕೊಂಡ ಬಾಯಿಯ ಪಕ್ಕದಲ್ಲಿ ಉಗುರು ಒತ್ತಿ ಪಕ್ಕಕ್ಕೆ ಸರಿಸಿದರೆ ತಾನೇ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದು. ಆಮೇಲೂ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ದಾರಿ ಕೊಲ್ಲೂರು–ನಿಟ್ಟೂರು ರಸ್ತೆಗೆ ಬಂದು ಸೇರುತ್ತದೆ. ಅಲ್ಲಿಂದ ಕೊಲ್ಲೂರಿಗೆ ಬಸ್ಸು.