ಕಿಲ್ವಾವರೆಗೆ ಕ್ಯಾಟಮರಾನ್: ಗಾಳಿಗಿಂತ ಮೊದಲು ಭರತ-ಇಳಿತ

ತಾಂಜಾನಿಯಾದಲ್ಲಿ ದಾರ್ ಎಸ್ ಸಲಾಮ್ ಬಿಟ್ಟು ದಕ್ಷಿಣಕ್ಕೆ ಹೋದರೆ ಮಾಫಿಯಾ ದ್ವೀಪ, ಆಮೇಲೆ ಸೊಂಗೊ ಸೊಂಗೊ, ಕೊನೆಗೆ ಕಿಲ್ವಾ ಕಿಸಿವಾನಿ. ಈ ದಾರಿಯನ್ನು ನಾವು 10 ದಿನಕ್ಕೆ ಹಂಚಿಕೊಂಡೆವು. ಬಾಡಿಗೆಗೆ ಹಿಡಿದದ್ದು 42 ಅಡಿಯ ಕ್ಯಾಟಮರಾನ್. ಎರಡು ಒಡಲು, ಎರಡು ಡೀಸೆಲ್ ಎಂಜಿನ್, ನೀರಿನೊಳಗೆ ಇಳಿಯುವುದು 1.2 ಮೀಟರ್. ಸ್ಥಳೀಯ ನಾವಿಕರೊಬ್ಬರನ್ನೂ ಸೇರಿಸಿ ಆರು ಜನ. ದಾರ್‌ನಿಂದ ಮಾಫಿಯಾದ ಕಿಲಿಂಡೋನಿಗೆ ಸುಮಾರು 70 ನಾಟಿಕಲ್ ಮೈಲಿ, ಮಾಫಿಯಾದ್ದೇ ಆದ ಚೋಲೆ ಕೊಲ್ಲಿಯಿಂದ ಸೊಂಗೊ ಸೊಂಗೊಗೆ 40ರ ಒಳಗೆ, ಅಲ್ಲಿಂದ ಕಿಲ್ವಾಗೆ 25ರ ಆಸುಪಾಸು. ದೂರ ಹೆಚ್ಚಲ್ಲ. ಕಷ್ಟ ಇರುವುದು ನೀರಿನ ಏರಿಳಿತದಲ್ಲಿ.

ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ಇರುವ ಅಂತರ ಒಂದೂಕಾಲು ಮೀಟರ್ ಆಸುಪಾಸು. ಇಲ್ಲಿ ಹುಣ್ಣಿಮೆ-ಅಮಾವಾಸ್ಯೆ ಬಂದರೆ ಮೂರೂವರೆ, ಕೆಲವೊಮ್ಮೆ ನಾಲ್ಕು ಮೀಟರ್. ಅಷ್ಟಮಿ ಆಸುಪಾಸಿನಲ್ಲಿ ಒಂದು ಮೀಟರಿಗೆ ಹತ್ತಿರ ಬರುತ್ತದೆ. ಅಲ್ಲಿಯ ಮೀನುಗಾರರು ದೊಡ್ಡ ಏರಿಳಿತಕ್ಕೆ ‘ಬಾಮ್ವುವಾ’ ಎನ್ನುತ್ತಾರೆ, ಸಣ್ಣದಕ್ಕೆ ‘ಮಾಜಿ ಮಾಫು’, ಅಂದರೆ ಸತ್ತ ನೀರು. ಹಾಗಾಗಿ ನಾವು ಮೊದಲು ತೆರೆದದ್ದು ಹವಾಮಾನದ ಆ್ಯಪ್ ಅಲ್ಲ, ಪಂಚಾಂಗ. ಹುಣ್ಣಿಮೆ-ಅಮಾವಾಸ್ಯೆಯ ದಿನಗಳಲ್ಲಿ ಈ ತೀರದಲ್ಲಿ ಪೂರ್ಣ ಭರತ ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಆಸುಪಾಸು, ಪೂರ್ಣ ಇಳಿತ ಬೆಳಿಗ್ಗೆ ಹತ್ತರ ಹೊತ್ತಿಗೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿಖರ ಸಮಯಕ್ಕೆ ಭರತದ ಕೋಷ್ಟಕ ಬೇಕೇ ಬೇಕು. ಆದರೆ ಯಾವ ವಾರ ಹೊರಡಬೇಕು ಎಂದು ತೀರ್ಮಾನಿಸಲು ತಿಥಿ ಸಾಕು.

ತಿಥಿ ಯಾಕೆ ಮುಖ್ಯ ಎಂದರೆ, ಹವಳದ ದಿಬ್ಬಗಳ ನಡುವೆ ನುಗ್ಗಲು ಎರಡು ಸಂಗತಿ ಒಟ್ಟಿಗೆ ಕೂಡಿಬರಬೇಕು. ಸೂರ್ಯ ನೆತ್ತಿಯ ಮೇಲೆ ಅಥವಾ ಬೆನ್ನ ಹಿಂದೆ ಇರಬೇಕು, ನೀರು ಏರುತ್ತಿರಬೇಕು. ಏರುವ ನೀರಿನಲ್ಲಿ ದೋಣಿ ತಳ ಕಚ್ಚಿದರೂ ಅರ್ಧ ಗಂಟೆಯಲ್ಲಿ ತಾನೇ ತೇಲುತ್ತದೆ. ಇಳಿಯುವ ನೀರಿನಲ್ಲಿ ಕಚ್ಚಿದರೆ ಹವಳದ ಮೇಲೆ ಎಂಟು-ಹತ್ತು ಗಂಟೆ ಕೂರಬೇಕು. ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಇಳಿತ ಹನ್ನೊಂದರ ಆಚೀಚೆ ಬರುವುದರಿಂದ, ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಎರಡೂ ಸಿಗುತ್ತವೆ. ಚೋಲೆ ಕೊಲ್ಲಿಗೆ ಸಾಗರದ ಕಡೆಯಿಂದ ಇರುವ ಕಿನಾಸಿ ಕಂಡಿಯನ್ನು ನಾವು ಆ ಹೊತ್ತಿನಲ್ಲೇ ದಾಟಿದ್ದು. ಇಳಿತದ ನೀರು ಕಂಡಿಯಿಂದ ರಭಸವಾಗಿ ಹೊರಗೆ ಹರಿಯುವಾಗ ಎದುರಿನಿಂದ ಸಾಗರದ ಅಲೆ ಬಂದರೆ ನೀರು ಗೋಡೆಯಂತೆ ಎದ್ದು ನಿಲ್ಲುತ್ತದೆ. ಆಗ ಒಳಗೆ ಹೋಗಬೇಡಿ, ಹೊರಗೆ ಸುತ್ತಾಡುತ್ತಾ ಕಾಯಿರಿ.

ಬಣ್ಣ ಓದುವುದು ಕಲಿತರೆ ಬರುತ್ತದೆ. ಕಡು ನೀಲಿ ಆಳ, ತಿಳಿ ಹಸಿರು ಮರಳು, ಕಂದು ಎಂದರೆ ಹವಳ, ಬಿಳಿಚಿದ ಹಳದಿ ಎಂದರೆ ನಿಮ್ಮ ದೋಣಿಗೆ ನೀರು ಸಾಲದು. ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರು ಮುಂಭಾಗದಲ್ಲಿ ಎತ್ತರಕ್ಕೆ ನಿಂತು ಕೈಸನ್ನೆಯಲ್ಲಿ ದಾರಿ ತೋರಬೇಕು, ಕೂಗಿದ್ದು ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ. ಎಲೆಕ್ಟ್ರಾನಿಕ್ ನಕ್ಷೆಯೊಂದನ್ನೇ ನಂಬಬೇಡಿ. ಈ ತೀರದ ಎಷ್ಟೋ ಕಡೆ ನಕ್ಷೆಗೆ ಆಧಾರ ಹಳೆಯ ಸರ್ವೆ, ದಿಬ್ಬ ನಕ್ಷೆಯಲ್ಲಿ ಇರುವಲ್ಲಿ ಇರುವುದಿಲ್ಲ. ಉಪಗ್ರಹ ಚಿತ್ರಗಳನ್ನು ಮೊದಲೇ ಇಳಿಸಿಕೊಂಡು, ನಕ್ಷೆ ತೋರಿಸುವ ತಂತ್ರಾಂಶವಾದ ಓಪನ್‌ಸಿಪಿಎನ್‌ನಲ್ಲಿ ನಕ್ಷೆಯ ಮೇಲೆ ಹೊದಿಸಿ ನೋಡಿದೆವು. ಮಾಫಿಯಾದ ಪಶ್ಚಿಮಕ್ಕೆ ಮಾತ್ರ ಕಣ್ಣಿನ ಆಟ ನಡೆಯುವುದಿಲ್ಲ. ರುಫಿಜಿ ನದಿಯ ಕೆಸರು ಬಂದು ನೀರು ಚಹಾದ ಬಣ್ಣವಾಗುತ್ತದೆ. ಅಲ್ಲಿ ಆಳ ತೋರಿಸುವ ಯಂತ್ರ ಮತ್ತು ನಿಧಾನ, ಇವೆರಡೇ ದಾರಿ.

ಕಾಲದ ವಿಷಯ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ ‘ಕಸ್ಕಾಜಿ’, ಸುಮಾರು ಮೇನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ‘ಕೂಸಿ’. ಸಮುದ್ರದ ಪ್ರವಾಹ ಮಾತ್ರ ವರ್ಷವಿಡೀ ಉತ್ತರಕ್ಕೇ, ಕೂಸಿಯ ತಿಂಗಳುಗಳಲ್ಲಿ ಬಲ ಹೆಚ್ಚು. ಹಾಗಾಗಿ ದಕ್ಷಿಣಕ್ಕೆ ಹೋಗುವುದಾದರೆ ಜನವರಿ-ಫೆಬ್ರವರಿ, ಕಿಲ್ವಾದಿಂದ ಉತ್ತರಕ್ಕೆ ಬರುವುದಾದರೆ ಜೂನ್‌ನಿಂದ ಮುಂದೆ. ಕೂಸಿಯಲ್ಲಿ ದಕ್ಷಿಣಕ್ಕೆ ಹೊರಟವರಿಗೆ ಗಾಳಿಯೂ ಎದುರು, ಪ್ರವಾಹವೂ ಎದುರು. ಕ್ಯಾಟಮರಾನ್ ಗಾಳಿಗೆ ಎದುರಾಗಿ ಏರುವುದರಲ್ಲಿ ಮೊದಲೇ ಹಿಂದೆ. ಒಂದೇ ದಿಕ್ಕಿನ ಪ್ರಯಾಣವಾದರೆ ದೋಣಿ ಹಿಂದಿರುಗಿಸುವ ಖರ್ಚು ಯಾರದು ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ಏಪ್ರಿಲ್-ಮೇ ದೊಡ್ಡ ಮಳೆಯ ಕಾಲ, ಬಿಡಿ. ಇಷ್ಟು ಉತ್ತರಕ್ಕೆ ಚಂಡಮಾರುತ ಅಪರೂಪ, ಆದರೂ 2024ರ ಮೇನಲ್ಲಿ ಹಿದಾಯಾ ಮಾಫಿಯಾಕ್ಕೇ ಬಂದು ಅಪ್ಪಳಿಸಿತು.

ಲಂಗರಿನ ಲೆಕ್ಕದಲ್ಲಿ ತಪ್ಪುವವರು ಬಹಳ. ಮಧ್ಯಾಹ್ನದ ಇಳಿತದಲ್ಲಿ ಯಂತ್ರ 4 ಮೀಟರ್ ಎಂದಿತು ಎಂದುಕೊಳ್ಳಿ. ರಾತ್ರಿ ಭರತಕ್ಕೆ ಇನ್ನೂ 3.5 ಸೇರುತ್ತದೆ. ಸರಪಳಿ ಹೊರಬೀಳುವ ಮುಂಭಾಗ ನೀರಿನಿಂದ 1.5 ಮೇಲಿದೆ. ಒಟ್ಟು 9. ಅದರ ಐದು ಪಟ್ಟು, 45 ಮೀಟರ್ ಸರಪಳಿ ಬಿಡಬೇಕು. ಆ ಕ್ಷಣದ ನೀರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 27 ಬಿಟ್ಟು ಮಲಗುತ್ತೀರಿ. ರಾತ್ರಿ ಅದು 9 ಮೀಟರಿನ ಮೂರೇ ಪಟ್ಟಾಗಿ, ಸರಪಳಿ ಮೇಲಕ್ಕೆ ಎಳೆದು ಲಂಗರು ಕಿತ್ತುಬರುತ್ತದೆ. ಹೊರಡುವ ಮೊದಲು ಸರಪಳಿಯನ್ನು ಪೂರ್ತಿ ಹೊರಗೆಳೆದು ಹತ್ತು ಮೀಟರಿಗೊಂದು ಬಣ್ಣದ ಗುರುತು ಹಾಕಿದೆವು. ಬಾಡಿಗೆ ದೋಣಿಗಳಲ್ಲಿ ಈ ಗುರುತು ಅಳಿಸಿಹೋಗಿರುವುದೇ ಹೆಚ್ಚು. ಎರಡೂ ಒಡಲಿನಿಂದ ಒಂದೊಂದು ನೈಲಾನ್ ಹಗ್ಗ, ತಲಾ 8 ಮೀಟರ್, ಸರಪಳಿಗೆ ಕಟ್ಟಿ ಭಾರವನ್ನು ಅದರ ಮೇಲೆ ಹಾಕಿ. ಇಲ್ಲದಿದ್ದರೆ ದೋಣಿ ರಾತ್ರಿಯಿಡೀ ತಲೆ ತಿರುಗಿಸುತ್ತಾ ಎಳೆಯುತ್ತದೆ. ಆಮೇಲೆ ಎರಡೂ ಎಂಜಿನ್ ರಿವರ್ಸ್‌ನಲ್ಲಿ, ಮೆಲ್ಲಗೆ ಶುರುಮಾಡಿ, ಒಂದು ನಿಮಿಷ. ಕೊನೆಗೆ ಈಜು ಕನ್ನಡಕ ಹಾಕಿ ನೀರಿಗಿಳಿದು ಲಂಗರು ಮರಳಿನಲ್ಲಿ ಹೂತಿದೆಯೇ ಎಂದು ಕಣ್ಣಾರೆ ನೋಡಿ. ಭರತ ತಿರುಗಿದಾಗ ದೋಣಿಯೂ ತಿರುಗುತ್ತದೆ, ನೆಲದಲ್ಲಿ ಬಿದ್ದ ಸರಪಳಿ ಹತ್ತಿರದ ಹವಳದ ಬಂಡೆಗೆ ಸುತ್ತಿಕೊಂಡು ಬೆಳಿಗ್ಗೆ ಎದ್ದೇಳುವುದಿಲ್ಲ. ಸುತ್ತಿದ ಸರಪಳಿ ಮುರಿದು ಹಾಕುವುದು ನೂರಾರು ವರ್ಷದ ಬೆಳವಣಿಗೆಯನ್ನು. ಮಾಫಿಯಾ ಸಾಗರ ಉದ್ಯಾನ 1995ರಲ್ಲಿ ಆದದ್ದು, ದೇಶದ ಮೊದಲನೆಯದು. ಅದರ ಶುಲ್ಕದ ರಸೀದಿ ದೋಣಿಯಲ್ಲೇ ಇರಲಿ, ಲಂಗರು ಮರಳಿನ ಮೇಲಷ್ಟೇ ಬೀಳಲಿ.

ಕ್ಯಾಟಮರಾನ್ ವಾಲುವುದಿಲ್ಲ, ಹಾಗಾಗಿ ಹಾಯಿ ಹೆಚ್ಚಾಯಿತು ಎಂದು ಅದು ಮೈಯಿಂದ ಹೇಳುವುದಿಲ್ಲ. ಗಾಳಿಯ ಅಂಕಿ (ನಾಟ್, ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ನೋಡಿಯೇ ಹಾಯಿ ಕಿರಿದಾಗಿಸಬೇಕು. 18 ನಾಟ್‌ಗೆ ಮೊದಲ ಮಡಿಕೆ, 24ಕ್ಕೆ ಎರಡನೆಯದು. ಹಿಂದಿನಿಂದ ಗಾಳಿ ಬರುವಾಗ ಮೋಸ ಹೋಗುವುದು ಸುಲಭ. ದೋಣಿ 8 ನಾಟ್‌ನಲ್ಲಿ ಓಡುತ್ತಿದ್ದು ಗಾಳಿಮಾಪಕ 15 ತೋರಿಸಿದರೆ ನಿಜವಾದ ಗಾಳಿ 23.

ರಾತ್ರಿ ಓಡಿಸಬೇಡಿ. ಎಷ್ಟೋ ಮೀನುದೋಣಿಗಳಿಗೆ ದೀಪವಿಲ್ಲ, ಬಲೆಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿದರೆ ಅವರ ತಿಂಗಳ ದುಡಿಮೆಯೂ ಹೋಯಿತು. ಅದಕ್ಕೇ ದಾರ್‌ನಿಂದ ಹೊರಟ ಮೊದಲ ದಿನ ಅರ್ಧ ದಾರಿಯಲ್ಲಿ ಕ್ವಾಲೆ ದ್ವೀಪದ ಮರೆಯಲ್ಲಿ ನಿಂತೆವು.

ನೀರು ತಲೆಗೆ ದಿನಕ್ಕೆ 15 ಲೀಟರ್, ಆರು ಜನಕ್ಕೆ 90. ನಮ್ಮ ಟ್ಯಾಂಕಿನ 600 ಲೀಟರ್ ಏಳು ದಿನಕ್ಕೂ ಸಾಲದು, ಕಿಲಿಂಡೋನಿಯಲ್ಲಿ ಕ್ಯಾನ್‌ಗಳಲ್ಲಿ ತುಂಬಿಸಿಕೊಂಡೆವು. ಜಿಬೊಂಡೊದಂಥ ಸಣ್ಣ ದ್ವೀಪದಲ್ಲಿ ನೀರು ಕೇಳಬಾರದು, ಅಲ್ಲಿಯವರಿಗೇ ಸಿಹಿನೀರಿನ ಬರ. ಡೀಸೆಲ್ ಡಬ್ಬದಿಂದ ಬರುವುದರಿಂದ ನೀರು ಬೇರ್ಪಡಿಸಿ ಸೋಸುವ ಆಲಿಕೆಯಲ್ಲೇ ಸುರಿಯಿರಿ. ಗಾಳಿ ಇಲ್ಲದಾಗ ಒಂದೇ ಎಂಜಿನ್ ಹಾಕಿದರೆ 5 ನಾಟ್ ಸಿಗುತ್ತದೆ, ಗಂಟೆಗೆ ಸುಮಾರು 3 ಲೀಟರ್ ಖರ್ಚು.

ದಡಕ್ಕೆ ಹೋಗುವ ಪುಟ್ಟ ದೋಣಿ ಡಿಂಗಿಯನ್ನು ಮರಳಿಗೆ ಎಳೆದಿಟ್ಟು ಊರು ನೋಡಲು ಹೋದರೆ, ಬರುವಷ್ಟರಲ್ಲಿ ನೀರು 300 ಮೀಟರ್ ಹಿಂದೆ ಸರಿದಿರುತ್ತದೆ. ಏರಿಳಿತ 3.6 ಮೀಟರ್ ಇದ್ದ ದಿನ ಮೊದಲ ಗಂಟೆ ಇಳಿಯುವುದು 30 ಸೆಂಟಿಮೀಟರ್ ಮಾತ್ರ, ಎರಡನೆಯದರಲ್ಲಿ 60, ಮೂರು-ನಾಲ್ಕನೆಯದರಲ್ಲಿ 90-90. ಮೊದಲ ಗಂಟೆ ನೋಡಿ ನಿಶ್ಚಿಂತರಾಗುವುದೇ ತಪ್ಪು. ಒಬ್ಬರು ಡಿಂಗಿಯ ಜೊತೆ ಉಳಿಯಿರಿ. ನೀರಿನಲ್ಲಿ ನಡೆಯುವಾಗ ಗಟ್ಟಿ ಅಡಿಯ ಚಪ್ಪಲಿ ಇರಲಿ, ಮುಳ್ಳಿನ ಸಮುದ್ರ ಚೆಂಡುಗಳು (ಸೀ ಅರ್ಚಿನ್) ದಂಡಿಯಾಗಿವೆ. ತಗ್ಗು ನೀರಿನಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದ್ದು ಕಂಡರೆ ಅದು ‘ಮ್ವಾನಿ’, ಹೆಂಗಸರು ಬೆಳೆಸುವ ಕಡಲಪಾಚಿ. ನಮ್ಮಲ್ಲಿ ನಾಟಿ ಮಾಡಿದ ಗದ್ದೆಯ ನಡುವೆ ಯಾರೂ ಗಾಡಿ ಹೊಡೆಯುವುದಿಲ್ಲ, ಹಾಗೆಯೇ ಸುತ್ತಿ ಹೋಗಿ.

ಊರಿಗೆ ಕಾಲಿಟ್ಟರೆ ಮೊದಲು ಊರ ಮುಖ್ಯಸ್ಥರ ಬಳಿ. ಮನೆಯ ಹೊರಗೆ ನಿಂತು ‘ಹೋಡಿ’ ಎಂದರೆ ಒಳಗಿನಿಂದ ‘ಕರಿಬು’ ಬರುತ್ತದೆ. ಹಿರಿಯರಿಗೆ ‘ಶಿಕಮೂ’, ಅವರ ಉತ್ತರ ‘ಮರಹಬಾ’. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಗಂಡಸರಿಗೂ ಹೆಂಗಸರಿಗೂ. ರಂಜಾನ್ ಹಗಲಿನಲ್ಲಿ ದಂಡೆಯ ಮೇಲೆ ತಿನ್ನುವುದು ಬೇಡ. ಪ್ಲಾಸ್ಟಿಕ್ ಕೈಚೀಲಕ್ಕೆ 2019ರಿಂದ ದೇಶದಲ್ಲೇ ನಿಷೇಧ, ಬಟ್ಟೆಯ ಚೀಲ ಒಯ್ಯಿರಿ. ಮಾತು ನಮಗೆ ಅಷ್ಟೇನೂ ದೂರದ್ದಲ್ಲ. ಬಂದರು ಅಲ್ಲಿ ‘ಬಂದಾರಿ’, ಸಾಬೂನು ‘ಸಬುನಿ’, ಗಾಡಿ ‘ಗಾರಿ’, ಲಕ್ಷ ‘ಲಾಕಿ’. ಜಿಬೊಂಡೊದಲ್ಲಿ ದೋಣಿ ಕಟ್ಟುವವರ ಬಳಿ ಕೂತು ನೋಡಿ: ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆದ ಹತ್ತಿಯ ಹುರಿಯನ್ನು ಉಳಿಯಿಂದ ಬಡಿದು ಬಡಿದು ತುಂಬುತ್ತಾರೆ. ಫೋಟೋಗೆ ಮೊದಲು ಕೇಳಿ, ಕೆಲಸಕ್ಕೆ ಅಡ್ಡ ನಿಲ್ಲಬೇಡಿ.

ಗಂಟೆಯ ಲೆಕ್ಕವೊಂದು ಪಕ್ಕಾ ಇರಲಿ. ಸ್ವಾಹಿಲಿಯಲ್ಲಿ ಹಗಲು ಸೂರ್ಯೋದಯದಿಂದ ಎಣಿಕೆ, ಉದಯದಿಂದ ಗಳಿಗೆ ಎಣಿಸುವ ನಮ್ಮ ಪಂಚಾಂಗದ ಹಾಗೆ. ‘ಸಾ ಮೋಜಾ’ ಎಂದರೆ ಒಂದು ಗಂಟೆ, ಅದು ನಮ್ಮ ಗಡಿಯಾರದ ಬೆಳಿಗ್ಗೆ ಏಳು. ಮಾರ್ಗದರ್ಶಿ ‘ಸಾ ನ್ನೆ’ಗೆ ಬನ್ನಿ ಎಂದರೆ ಹತ್ತಕ್ಕೆ. ನಾಲ್ಕಕ್ಕೆ ಹೋದರೆ ಅವರೂ ಇರುವುದಿಲ್ಲ, ಆ ದಿನದ ಭರತವೂ ಕೈತಪ್ಪಿರುತ್ತದೆ.

ಕಿಲ್ವಾ ಕಿಸಿವಾನಿ ಮತ್ತು ಪಕ್ಕದ ದ್ವೀಪ ಸೊಂಗೊ ಮ್ನಾರ ಎರಡೂ ಸೇರಿ 1981ರಿಂದ ವಿಶ್ವ ಪರಂಪರೆ ತಾಣ. 1331ರಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಬಂದಿಳಿದದ್ದು ಇದೇ ಕಿಲ್ವಾಗೆ. ಅನುಮತಿ ಪತ್ರ ಎದುರು ದಡದ ಕಿಲ್ವಾ ಮಸೋಕೊದಲ್ಲಿ ಮಾಡಿಸಿಕೊಂಡೇ ದ್ವೀಪಕ್ಕೆ ದಾಟಬೇಕು. ಕಿಸಿವಾನಿಯ ದೊಡ್ಡ ಮಸೀದಿ, ಹುಸುನಿ ಕುಬ್ವಾ ಅರಮನೆಗೆ ಅರ್ಧ ದಿನ ಸಾಕು. ಸೊಂಗೊ ಮ್ನಾರಕ್ಕೆ ಮಾತ್ರ ಕಾಂಡ್ಲಾ ಕಾಡಿನ ನಡುವಿನ ಕಾಲುವೆಯಲ್ಲಿ ಡಿಂಗಿ ಹೋಗುವುದು ಭರತಕ್ಕೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ. ಆ ಹೊತ್ತು ಮೀರಿದರೆ ಮೊಣಕಾಲುದ್ದದ ಕೆಸರಿನಲ್ಲಿ ನಡೆದೇ ಬರಬೇಕು.