ಅಕ್ಷರ ಮುರಿಯದಂತೆ ಪಠ್ಯ ಕತ್ತರಿಸುವುದು ಹೇಗೆ?

‘ಸ್ತ್ರೀ’ ಅಂತ ಬರೆದು ಅದರ ಉದ್ದ ಎಷ್ಟು ಅಂತ ಕೇಳಿ ನೋಡಿ. ಪೈಥಾನ್ 6 ಅನ್ನುತ್ತದೆ, ಜಾವಾಸ್ಕ್ರಿಪ್ಟ್ ಕೂಡ 6. ರಸ್ಟ್ 18 ಅನ್ನುತ್ತದೆ, ಸ್ವಿಫ್ಟ್ 3. ಓದುವವರ ಕಣ್ಣಿಗೆ ಅಲ್ಲಿರುವುದು ಒಂದೇ ಅಕ್ಷರ. ಯಾರ ಲೆಕ್ಕವೂ ತಪ್ಪಲ್ಲ, ಒಂದೊಂದು ಪ್ರೋಗ್ರಾಮಿಂಗ್ ಭಾಷೆ ಒಂದೊಂದನ್ನು ಎಣಿಸುತ್ತಿದೆ ಅಷ್ಟೇ. ಸ, ಹಲಂತ, ತ, ಹಲಂತ, ರ, ಕೊನೆಗೆ ಈಕಾರದ ಚಿಹ್ನೆ, ಒಟ್ಟು 6 ಕೋಡ್ ಪಾಯಿಂಟ್. ಕೋಡ್ ಪಾಯಿಂಟ್ ಅಂದರೆ ಎಲ್ಲ ಲಿಪಿಗಳ ಚಿಹ್ನೆಗಳಿಗೂ ಯೂನಿಕೋಡ್ ಮಾನದಂಡ ಕೊಟ್ಟಿರುವ ಸಂಖ್ಯೆ. ಅವನ್ನು ಬೈಟ್ ಆಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇವು ಒಂದೊಂದಕ್ಕೂ 3 ಬೈಟ್ ಬೇಕು, ಹಾಗಾಗಿ 18. ಸ್ವಿಫ್ಟ್ ಹೇಳಿದ 3 ಮಾತ್ರ ಬೇರೆ ಲೆಕ್ಕ. ಅದು ಒಟ್ಟಿಗೇ ಇರಬೇಕಾದ ಕೋಡ್ ಪಾಯಿಂಟ್ ಗೊಂಚಲುಗಳ, ಅಂದರೆ ಗ್ರಾಫೀಮ್ ಕ್ಲಸ್ಟರ್‌ಗಳ ಸಂಖ್ಯೆ.

ಪಠ್ಯ ಕತ್ತರಿಸಲು ನೀವು ಬರೆಯುವ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಮಾಡುವ ಕೆಲಸ ಚಿಕ್ಕದೇ ಇರಬಹುದು. ಶೀರ್ಷಿಕೆ ಉದ್ದವಾದರೆ ಕತ್ತರಿಸಿ ಮೂರು ಚುಕ್ಕಿ ಹಾಕುವುದು, ಕರ್ಸರ್ ಒಂದು ಹೆಜ್ಜೆ ಸರಿಸುವುದು, ಇಷ್ಟೇ. ಆದರೆ ಕೋಡ್ ಪಾಯಿಂಟ್ ಎಣಿಸಿ ಕತ್ತರಿಸಿದರೆ ‘ಕಾಲು’ ಹೋಗಿ ‘ಕಾಲ’ ಆಗುತ್ತದೆ, ಅರ್ಥವೇ ಬದಲು. ಅಪ್ಪ, ಅಮ್ಮ, ಮಗಳು ಇರುವ ಎಮೋಜಿಯಲ್ಲಿ 5 ಕೋಡ್ ಪಾಯಿಂಟ್ ಇವೆ: ಮೂರು ಮುಖ, ನಡುವೆ ಎರಡು ಜೋಡಕ, ಅಂದರೆ ಅಕ್ಕಪಕ್ಕದವನ್ನು ಕೂಡಿಸುವ ಕಾಣದ ಚಿಹ್ನೆ. ತಪ್ಪು ಜಾಗದಲ್ಲಿ ಕತ್ತರಿ ಬಿದ್ದರೆ ಮಗಳು ಕಾಣೆ!

ಮೊದಲು ಪಟ್ಟಿ ತನ್ನಿ

ನಿಯಮಗಳೆಲ್ಲ ಯೂನಿಕೋಡ್‌ನ ಅನುಬಂಧ 29ರಲ್ಲಿವೆ. ಅದರ ‘ವಿಸ್ತೃತ’ ಕ್ಲಸ್ಟರ್‌ಗಳನ್ನೇ ತೆಗೆದುಕೊಳ್ಳಿ, ಹಳೆಯ ಬಗೆ ಬೇಡ. ಪ್ರತಿ ಕೋಡ್ ಪಾಯಿಂಟ್ ಯಾವ ಗುಂಪಿನದು ಅಂತ ಹೇಳುವ ಫೈಲುಗಳನ್ನು ಯೂನಿಕೋಡ್‌ನವರೇ ಕೊಡುತ್ತಾರೆ. ಅವನ್ನು ಕೈಯಿಂದ ಟೈಪ್ ಮಾಡಬೇಡಿ. ಫೈಲ್ ಓದಿ ಕೋಡ್ ಬರೆದುಕೊಡುವ ಪುಟ್ಟ ಸ್ಕ್ರಿಪ್ಟ್ ಇಟ್ಟುಕೊಂಡರೆ ಮುಂದಿನ ಆವೃತ್ತಿ ಬಂದಾಗ ಅದನ್ನು ಮತ್ತೆ ಓಡಿಸಿದರೆ ಸಾಕು.

ಯೂನಿಕೋಡ್‌ನಲ್ಲಿ ಒಟ್ಟು ಇರುವ ಜಾಗ 11,14,112 ಕೋಡ್ ಪಾಯಿಂಟ್‌ಗಳದ್ದು. ಅಷ್ಟಕ್ಕೂ ಒಂದೊಂದು ಬೈಟ್ ಇಟ್ಟರೆ ಪುಟ್ಟ ಲೈಬ್ರರಿಗೆ ಜಾಸ್ತಿ ಆಯ್ತು. 256ರಂತೆ ತುಂಡು ಮಾಡಿ, ಒಂದೇ ತೆರನಾದ ತುಂಡುಗಳನ್ನು ಒಂದೇ ಸಲ ಇಟ್ಟರೆ ಪಟ್ಟಿ ತುಂಬಾ ಇಳಿಯುತ್ತದೆ. ಅಷ್ಟು ವೇಗ ಬೇಡ ಅಂದರೆ ವಿಂಗಡಿಸಿದ ವ್ಯಾಪ್ತಿಗಳ ಮೇಲೆ ಬೈನರಿ ಹುಡುಕಾಟ ಸಾಕು. ಕತ್ತರಿಸುವ ಜಾಗದ ಎರಡೂ ಕಡೆ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಮೂಲ ಗುಂಪು) ಇದ್ದರೆ ಪಟ್ಟಿಯನ್ನೇ ಮುಟ್ಟಬೇಡಿ. ಅಲ್ಲಿ ಬೇರೆ ಮಾಡಬಾರದ ಜೋಡಿ ಒಂದೇ ಒಂದು, ಸಾಲು ಮುಗಿಸುವ ಸಿಆರ್ ಮತ್ತು ಎಲ್ಎಫ್.

ಎಲ್ಲಿ ಕತ್ತರಿಸಬೇಕು

ನಿಯಮಗಳು ಮೇಲಿನಿಂದ ಕೆಳಗೆ ಅದೇ ಕ್ರಮದಲ್ಲಿ ನಡೆಯಬೇಕು. ಯಾವುದೂ ಹೊಂದದಿದ್ದರೆ ಕತ್ತರಿಸಿ, ಇದು ಕೊನೆಯ ನಿಯಮ. ಕಾಗುಣಿತದ ಚಿಹ್ನೆ, ಹಲಂತ, ಜೋಡಕ ಬಂದರೆ ಹಿಂದಿನದಕ್ಕೆ ಅಂಟಿಸಿ. ಬಹುಪಾಲು ಕೆಲಸಕ್ಕೆ ಹಿಂದಿನ ಗುಂಪು, ಈಗಿನ ಗುಂಪು ಎರಡು ಗೊತ್ತಿದ್ದರೆ ಸಾಕು.

ಸಾಲದೇ ಇರುವ ಕಡೆಯೇ ಬಗ್‌ಗಳು ಹುಟ್ಟುವುದು. ಧ್ವಜದ ಎಮೋಜಿ ನೋಡಿ. ಒಂದು ಧ್ವಜ ಅಂದರೆ ಎರಡು ಪ್ರದೇಶ ಸೂಚಕ ಅಕ್ಷರ. ನಾಲ್ಕು ಧ್ವಜ ಸಾಲಾಗಿದ್ದರೆ ಒಂದೇ ತೆರನಾದ ಎಂಟು ಕೋಡ್ ಪಾಯಿಂಟ್. ನಡುವೆ ಎಲ್ಲೋ ನಿಂತು ಇಲ್ಲಿ ಕತ್ತರಿಸಬಹುದಾ ಅಂತ ಕೇಳಿದರೆ ಅಕ್ಕಪಕ್ಕ ನೋಡಿ ಹೇಳೋಕಾಗಲ್ಲ, ಆ ಸಾಲು ಶುರುವಾದ ಜಾಗದವರೆಗೆ ಹಿಂದೆ ಹೋಗಿ ಸಮವೋ ಬೆಸವೋ ಅಂತ ಎಣಿಸಲೇಬೇಕು. ಮುಂದಕ್ಕೆ ಹೋಗುವಾಗ ಒಂದು ಬಿಟ್ ನೆನಪಿಟ್ಟುಕೊಂಡರೆ ಮುಗೀತು. ಹಿಂದಕ್ಕೆ ಹೋಗುವ ಫಂಕ್ಷನ್ ಬರೆಯುವಾಗ ಮಾತ್ರ ಇದನ್ನು ಮರೆಯಬೇಡಿ.

ಕನ್ನಡಕ್ಕೆ ಬಂದಾಗ

ಯೂನಿಕೋಡ್‌ನ 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರ ಒಡೆಯದಿರಲಿ ಅಂತ ಹೊಸ ನಿಯಮ ಬಂತು, ಹೆಸರು ಜಿಬಿ9ಸಿ. ಆಗ ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯವಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಅದೇ ‘ಸ್ತ್ರೀ’ ತೆಲುಗಿನಲ್ಲಿದ್ದರೆ ಒಂದು ಕ್ಲಸ್ಟರ್, ಕನ್ನಡದಲ್ಲಿದ್ದರೆ ಸ್, ತ್, ರೀ ಅಂತ ಮೂರು. ಕನ್ನಡ ಓದುವವರಿಗೆ ಇದು ಸರಿ ಅನಿಸಲ್ಲ, ಅನಿಸಬೇಕಾಗಿಯೂ ಇಲ್ಲ.

ಪರಿಹಾರ ಸುಲಭ. ಬೇಕಾದಂತೆ ಹೊಂದಿಸಿಕೊಳ್ಳಲು ಅನುಬಂಧವೇ ಅವಕಾಶ ಕೊಟ್ಟಿದೆ. ಕ್ಲಸ್ಟರ್ ಹಲಂತದಲ್ಲಿ ಮುಗಿದು, ಮುಂದಿನದು ಕ ದಿಂದ ಹ ವರೆಗಿನ ವ್ಯಂಜನ ಅಥವಾ ಹಳೆಗನ್ನಡದ ೞ ದಿಂದ ಶುರುವಾದರೆ ಎರಡನ್ನೂ ಸೇರಿಸಿ. ನಡುವೆ ಜೋಡಿಸಬೇಡ ಅನ್ನುವ ಶೂನ್ಯ ಅಗಲದ ಚಿಹ್ನೆ ಇದ್ದರೆ ಸೇರಿಸಬೇಡಿ. ‘ಸಾಫ್ಟ್‌ವೇರ್’ ಪದ ನೋಡಿ: 11 ಕೋಡ್ ಪಾಯಿಂಟ್, ಪ್ರಮಾಣಿತ ಲೆಕ್ಕದಲ್ಲಿ 5 ಕ್ಲಸ್ಟರ್, ಈ ನಿಯಮ ಹಾಕಿದರೆ ಸಾ, ಫ್ಟ್‌, ವೇ, ರ್ ಅಂತ 4. ಟ್ ಆದ ಮೇಲೆ ಆ ಚಿಹ್ನೆ ಇರುವುದರಿಂದಲೇ ವೇ ಬೇರೆಯಾಗಿ ನಿಲ್ಲುತ್ತದೆ.

ಇಂಥ ಕಾಣದ ಚಿಹ್ನೆಗಳನ್ನು ಕಸ ಅಂತ ಅಳಿಸುವ ಕೋಡ್ ಸಾಕಷ್ಟು ಕಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ‘ರ‍್ಯಾಂಕ್’ನಲ್ಲಿ ರ ಆದ ಮೇಲೆ ಇರುವ ಜೋಡಕ ತೆಗೆದುಬಿಟ್ಟರೆ ಅದು ಅರ್ಕಾವತ್ತಿನ ‘ರ್ಯಾಂಕ್’ ಆಗಿಬಿಡುತ್ತದೆ.

ಈ ಕನ್ನಡದ ನಿಯಮವನ್ನು ಮೂಲ ಫಂಕ್ಷನ್‌ನ ಒಳಗೆ ಸೇರಿಸಬೇಡಿ, ಬೇರೆ ಹೆಸರಿನ ಎರಡನೇ ಫಂಕ್ಷನ್ ಕೊಡಿ. ಮೂಲದ್ದು ಪ್ರಮಾಣಿತ ನಿಯಮದಂತೆಯೇ ಇರಲಿ, ಬೇರೆ ಲೈಬ್ರರಿಗಳ ಉತ್ತರಕ್ಕೆ ಅದು ತಾಳೆಯಾಗಬೇಕಲ್ವಾ.

ಹೊರಗೆ ಏನು ಕೊಡಬೇಕು

ತುಂಡುಗಳನ್ನು ನಕಲು ಮಾಡಿ ಪಟ್ಟಿ ಕೊಡುವ ಬದಲು ಶುರು ಮತ್ತು ಕೊನೆಯ ಬೈಟ್ ಸ್ಥಾನ ಕೊಡಿ. ಡೇಟಾಬೇಸ್‌ನಲ್ಲಿ ‘ಏಳನೇ ಕ್ಲಸ್ಟರ್’ ಅಂತ ಉಳಿಸುವವರಿಗೆ ದಾಖಲೆಯಲ್ಲೇ ಎಚ್ಚರಿಕೆ ಬರೆಯಿರಿ. 15.1 ಬಂದ ಮೇಲೆ ಹಿಂದಿಯ ‘ಕ್ಷ’ ಎರಡರಿಂದ ಒಂದಕ್ಕೆ ಇಳಿಯಿತು, ಅಂಥ ಲೆಕ್ಕಗಳೆಲ್ಲ ಆಗ ಏರುಪೇರಾಗುತ್ತವೆ. ಯೂನಿಕೋಡ್ ಆವೃತ್ತಿಯನ್ನು ಒಂದು ಸ್ಥಿರಾಂಕವಾಗಿ ಹೊರಗೆ ಕಾಣುವಂತೆ ಇಡಿ.

ಬೈಟ್ ಮಿತಿಯೊಳಗೆ ಕತ್ತರಿಸುವಾಗ ಮಿತಿ ದಾಟದ ಕೊನೆಯ ಗಡಿಯಲ್ಲಿ ನಿಲ್ಲಿಸಿ. ಮೊದಲ ಕ್ಲಸ್ಟರೇ ಮಿತಿಗಿಂತ ದೊಡ್ಡದಿದ್ದರೆ ಖಾಲಿ ಉತ್ತರ ಕೊಡುವುದು ಮೇಲು, ಅರ್ಧ ಅಕ್ಷರ ಕೊಡುವುದಕ್ಕಿಂತ. ಒಂದು ಅಕ್ಷರದ ಮೇಲೆ ಸಾವಿರ ಚಿಹ್ನೆ ಪೇರಿಸಿ ಕಳಿಸುವವರೂ ಇರುತ್ತಾರೆ, ಅದಕ್ಕೇ ಕ್ಲಸ್ಟರ್‌ಗೆ ನಿಗದಿತ ಗಾತ್ರದ ಬಫರ್ (ತಾತ್ಕಾಲಿಕ ಜಾಗ) ಇಡಬೇಡಿ.

ಬ್ಯಾಕ್‌ಸ್ಪೇಸ್ ವಿಷಯ ಬೇರೆ. ಬಾಣದ ಕೀಲಿ ಪೂರ್ತಿ ಅಕ್ಷರ ದಾಟಲಿ, ಆದರೆ ‘ಕು’ ಬರೆದು ಕೊಂಬು ತಪ್ಪಾದಾಗ ಕೊಂಬಷ್ಟೇ ಹೋದರೆ ಟೈಪ್ ಮಾಡುವವರಿಗೆ ಅನುಕೂಲ.

ಪರೀಕ್ಷೆ

ಯೂನಿಕೋಡ್ ಕೊಡುವ ಪರೀಕ್ಷಾ ಫೈಲ್‌ನಲ್ಲಿ ಪ್ರತಿ ಸಾಲಿನಲ್ಲೂ ಕತ್ತರಿಸಬೇಕಾದ ಕಡೆ ಭಾಗಾಕಾರ ಚಿಹ್ನೆ, ಬೇಡದ ಕಡೆ ಗುಣಾಕಾರ ಚಿಹ್ನೆ ಇರುತ್ತದೆ. ಮೂಲ ಫಂಕ್ಷನ್ ಅದರಲ್ಲಿ ನೂರಕ್ಕೆ ನೂರು ಪಾಸಾಗಲೇಬೇಕು. ಜೊತೆಗೆ ಯಾವ ಪಠ್ಯ ಕೊಟ್ಟರೂ ತುಂಡುಗಳನ್ನು ಮತ್ತೆ ಜೋಡಿಸಿದರೆ ಮೂಲ ಸಿಗಬೇಕು, ಮುಂದಿನಿಂದ ಹೋದರೂ ಹಿಂದಿನಿಂದ ಬಂದರೂ ಗಡಿಗಳು ಒಂದೇ ಇರಬೇಕು. ಕನ್ನಡದ ಫಂಕ್ಷನ್‌ಗೆ ಸಿದ್ಧ ಫೈಲ್ ಕಾಯಬೇಡಿ, ರಾಷ್ಟ್ರ, ಶಾಸ್ತ್ರ, ಜ್ಯೋತ್ಸ್ನೆ, ರ‍್ಯಾಂಕ್ ಇಂಥ ಪದ ಹಾಕಿ ನಿಮ್ಮದೇ ಪಟ್ಟಿ ಮಾಡಿ. ‘ಕೋ’ವನ್ನು ಎರಡು ರೀತಿ ಸೇರಿಸಿ: ಓಕಾರದ ಒಂದೇ ಚಿಹ್ನೆ ಇರುವುದು ಒಂದು, ಎತ್ವ, ಊಕಾರದ ಚಿಹ್ನೆ, ದೀರ್ಘ ಅಂತ ಬಿಡಿಬಿಡಿಯಾಗಿ ಬರುವುದು ಇನ್ನೊಂದು. ಎರಡಕ್ಕೂ ಉತ್ತರ 1 ಬರಬೇಕು.